ಐತವಾರದೊಳಗೆ ಮೊಡವೆ ಹೋಗಬೇಕು

ಮೊಡವೆಯ ಔಷಧವನ್ನು ತನಗಾಗಿ ಕೇಳಿದ ಗಿರಾಕಿಯನ್ನು ನನ್ನ ಮೂವತ್ತೊಂದು ವರ್ಷದ ಕೆಲಸದಲ್ಲಿ ನಾನು ಕಂಡಿಲ್ಲ. ಎಲ್ಲರೂ ಬೇರೆಯವರಿಗಾಗಿಯೇ ಕೇಳುತ್ತಾರೆ. ತಂಗಿಗೆ, ಗೆಳೆಯನಿಗೆ, ಹಾಸ್ಟೆಲಿನಲ್ಲಿ ಜೊತೆಗಿರುವವಳಿಗೆ. ಒಬ್ಬನಂತೂ ತನ್ನ ಗಣಿತದ ಮಾಸ್ತರರಿಗೆ ಎಂದಿದ್ದ. ಹಾಗೆ ಹೇಳುವಾಗ ಅವರ ಹಣೆ, ಗಲ್ಲ, ಗದ್ದದ ಮೇಲೆಲ್ಲ ಸಾಕ್ಷಿಗಳು ಸಾಲಾಗಿ ಕುಳಿತಿರುತ್ತವೆ. ನಾವು ಅವನ್ನು ಕಾಣದವರಂತೆ, ನಿಮ್ಮ ಗೆಳೆಯನ ಚರ್ಮ ಎಣ್ಣೆಯದೋ ಒಣದೋ ಎಂದು ಕೇಳಬೇಕು. ಅವರು ತಮ್ಮ ಗಲ್ಲವನ್ನೇ ಮುಟ್ಟಿ ನೋಡಿಕೊಂಡು ಗೆಳೆಯನ ಪರವಾಗಿ ಉತ್ತರ ಕೊಡುತ್ತಾರೆ. ಆಗ ನಗಬಾರದು. ಡಿ.ಫಾರ್ಮದ ಪುಸ್ತಕದಲ್ಲಿ ಈ ಪಾಠ ಇಲ್ಲ. ಆದ್ದರಿಂದ ಹೊಸದಾಗಿ ಕೌಂಟರಿಗೆ ಬರುವ ಮಕ್ಕಳಿಗೆ ಮೊದಲೇ ಹೇಳಿಬಿಡುತ್ತಿದ್ದೇನೆ.

ನನ್ನ ಹೆಸರು ಶಕುಂತಲಾ. ಗಿರಾಕಿಗಳ ಬಾಯಲ್ಲಿ ನಾನು ಬಾಯಾರ, ಅಂದರೆ ಅಮ್ಮಾವರು. ಕೆಲವು ಹಳ್ಳಿಗಳವರು ಡಾಕ್ಟರಬಾಯಿ ಎಂದೂ ಕರೆದದ್ದುಂಟು, ನಾನು ತಿದ್ದಲು ಹೋಗಲಿಲ್ಲ. ಬಡ್ತಿಯ ವಿಷಯ ಬರೆಯುವ ಹಾಗೇನೂ ಇಲ್ಲ. ಔಷಧದ ಅಂಗಡಿಯಲ್ಲಿ ಬಡ್ತಿ ಎಂದರೆ ಸ್ಟೂಲು ಹೋಗಿ ಕುರ್ಚಿ ಬರುವುದು. ನನಗೆ ಕುರ್ಚಿ ಬಂದಾಗ ಮೊಣಕಾಲು ನೋವೂ ಜೊತೆಗೇ ಬಂದಿತ್ತು.

ನಮ್ಮ ಮಾಲೀಕರು ಬಸಗೊಂಡಪ್ಪ ಸಾವುಕಾರರು. ಅವರಿಗೆ ಮೂರು ಅಂಗಡಿ: ಒಂದು ವಿಜಯಪುರದ ಅಥಣಿ ರಸ್ತೆಯಲ್ಲಿ, ಒಂದು ತಿಕೋಟಾದಲ್ಲಿ, ಒಂದು ಬಬಲೇಶ್ವರದಲ್ಲಿ. ನಾನು ಸೋಮವಾರದಿಂದ ಮೂರು ದಿನ ತಿಕೋಟಾ, ಮುಂದೆ ಎರಡು ದಿನ ಬಬಲೇಶ್ವರ, ಶನಿವಾರ ವಿಜಯಪುರ ಎಂದು ಬಸ್ಸಿನಲ್ಲಿ ಸುತ್ತುತ್ತಿದ್ದೆ. ನಾನಿಲ್ಲದ ದಿನ ಅಲ್ಲಲ್ಲಿ ಔಷಧ ಕೊಡುತ್ತಿದ್ದವರು ಯಾರು ಎಂದು ಕೇಳಬೇಡಿ. ಗೋಡೆಯ ಮೇಲೆ ಚೌಕಟ್ಟು ಹಾಕಿದ ನನ್ನ ಸರ್ಟಿಫಿಕೇಟ್ ಇತ್ತು, ಅದೇ ಇಳಿದು ಬಂದು ಕೊಡುತ್ತಿತ್ತು ಎಂದುಕೊಳ್ಳಿ. ಸಾವುಕಾರರು ಸ್ವತಃ ಔಷಧಶಾಸ್ತ್ರ ಓದಿದವರಲ್ಲ. ಆದರೆ ಯಾವ ಔಷಧ ಎಷ್ಟು ಬೇಗ ಗುಣ ತೋರಿಸುತ್ತದೆ ಎಂಬುದು ಅವರಿಗೆ ಅಂಗೈ ನೆಲ್ಲಿಯಾಗಿತ್ತು. ತಡವಾಗಿ ಗುಣ ಕೊಡುವ ಔಷಧವನ್ನು ಅವರು ಔಷಧವೆಂದೇ ಒಪ್ಪುತ್ತಿರಲಿಲ್ಲ.

ನನ್ನ ಮೊದಲ ದೊಡ್ಡ ತಪ್ಪು ನಡೆದದ್ದು ತಿಕೋಟಾದಲ್ಲಿ. ಅದಕ್ಕೆ ಕಾರಣ ನನ್ನ ಜ್ಞಾನ. ಆಗ ಮೊಡವೆಗೆ ಗಂಧಕದ ಸಾಬೂನು ಕೊಡುವ ರೂಢಿ ಇತ್ತು. ದ್ರಾಕ್ಷಿ ತೋಟದವರ ಮನೆಯ ಒಬ್ಬ ಯುವಕ ಬಂದು ಕಾಕಾನ ಮಗನಿಗೆ ಬೇಕೆಂದು ಕೇಳಿದ. ಸಾಬೂನು ತೆಗೆದಿಟ್ಟು ಸುಮ್ಮನಿದ್ದರೆ ಆಗುತ್ತಿತ್ತು. ಕಲಿತದ್ದನ್ನು ತೋರಿಸುವ ಚಪಲ. ಇದರಾಗ ಗಂಧಕಾ ಐತಿ, ಮೊಡವಿ ಒಣಗಿಸೂದು ಅದ ಎಂದು ವಿವರಿಸಿದೆ. ಅವನ ಮುಖ ಅರಳಿತು. ಸಾಬೂನನ್ನು ನನ್ನ ಕಡೆಗೇ ಮರಳಿ ಸರಿಸಿ, ಮನ್ಯಾಗ ಎರಡ ಚೀಲ ಐತ್ರಿ ಎಂದು ಹೊರಟೇಬಿಟ್ಟ.

ತಿಕೋಟಾದಲ್ಲಿ ಗಂಧಕ ಎಂದರೆ ಬಳ್ಳಿಗೆ ಬೂದಿರೋಗ ಬಂದಾಗ ಉದುರಿಸುವ ಪುಡಿ, ಮನೂಕಾ ಎನ್ನುವ ಒಣದ್ರಾಕ್ಷಿಗೆ ಹೊಂಬಣ್ಣ ಬರಲಿ ಎಂದು ಹಾಕುವ ಹೊಗೆ. ಅಲ್ಲಿಗೆ ಹೊಸದಾಗಿ ಹೋಗಿದ್ದ ನನಗೆ ಅದು ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆ ಮಾತ್ರ. ನಾಲ್ಕನೆಯ ದಿನ ಯುವಕನನ್ನು ಅವನ ತಂದೆ ಕರೆದುಕೊಂಡು ಬಂದರು. ಮುಖ ಸುಟ್ಟ ಬದನೆಕಾಯಿಯ ಹಾಗಿತ್ತು. ತೋಟದ ಪುಡಿಯನ್ನು ಮೊಸರಿನಲ್ಲಿ ಕಲಸಿ, ದಪ್ಪಗೆ ಹಚ್ಚಿಕೊಂಡು, ಎರಡು ದಿನ ತೊಳೆಯದೆ ಇದ್ದನಂತೆ. ತಂದೆ ನನ್ನನ್ನು ಬೈಯಲಿಲ್ಲ. ಅವರಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು.

"ಅದ ಗಂಧಕಾ ಮನೂಕಾಕ್ಕ ತೋರಿಸಿದ್ರ ಬಂಗಾರಧಂಗ ಆಗ್ತಾವ್ರೀ ಬಾಯಾರ," ಎಂದರು. "ಇವನ ಮಾರಿ ಯಾಕ ಹಿಂಗಾತು?"

ಅವನನ್ನು ದವಾಖಾನೆಗೆ ಕಳಿಸಿದೆ. ಹದಿನೈದು ದಿನದಲ್ಲಿ ಹೊಸ ಚರ್ಮ ಬಂತು, ಅದರ ಹಿಂದೆಯೇ ಹಳೆಯ ಮೊಡವೆಗಳೂ ಬಂದವು. ಸಾವುಕಾರರಿಗೆ ಸುದ್ದಿ ಮುಟ್ಟಿದಾಗ ಅವರು ಕೇಳಿದ್ದು ಒಂದೇ, ಸಾಬೂನು ಯಾಕೆ ಹೋಗಲಿಲ್ಲ ಎಂದು. ಆ ದಿನದಿಂದ ನಾನು ಔಷಧದಲ್ಲಿ ಏನಿದೆ ಎಂದು ಹೇಳುವುದನ್ನು ಬಿಟ್ಟು, ಎಷ್ಟು ಹಚ್ಚಬೇಕು, ಎಷ್ಟು ಹೊತ್ತು ಬಿಡಬೇಕು, ಯಾವಾಗ ನಿಲ್ಲಿಸಬೇಕು ಎಂದು ಮೂರು ಸಲ ಹೇಳುವ ರೂಢಿ ಮಾಡಿಕೊಂಡೆ. ಗಿರಾಕಿಗಳು ಮೂರೂ ಸಲ ತಲೆಯಾಡಿಸಿ, ಮನೆಗೆ ಹೋಗಿ ತಮಗೆ ಸರಿ ಕಂಡಂತೆ ಮಾಡುತ್ತಿದ್ದರು.

ಆಮೇಲೆ ಬೆಂಜಾಯಿಲ್ ಪೆರಾಕ್ಸೈಡ್ ಎಂಬ ಬಿಳಿ ಜೆಲ್ಲಿನ ಕಾಲ ಬಂತು. ಒಳ್ಳೆಯ ಔಷಧ. ಕಡಿಮೆ ಬಲದ್ದನ್ನು ತೆಳ್ಳಗೆ, ಮೊದಮೊದಲು ದಿನ ಬಿಟ್ಟು ದಿನ ಹಚ್ಚಿದರೆ ಆರೆಂಟು ವಾರದಲ್ಲಿ ಮುಖ ತಿಳಿಯಾಗುತ್ತದೆ. ಅದಕ್ಕಿರುವ ಒಂದು ಚಟವೆಂದರೆ ಬಟ್ಟೆಯ ಬಣ್ಣ ತಿನ್ನುವುದು. ಇದನ್ನು ಹೇಳಲು ಮರೆತ ದಿನ ಬಬಲೇಶ್ವರದ ಒಬ್ಬ ಹೆಣ್ಣುಮಗಳು ಮಗನ ಹೊಸ ಕೆಂಪು ಟವೆಲನ್ನು ತಂದು ಕೌಂಟರಿನ ಮೇಲೆ ಹರವಿದರು. ನಡುವೆ ಹಣೆ, ಮೂಗು, ಗದ್ದದ ಆಕಾರದಲ್ಲಿ ಬಿಳಿ ಕಲೆಗಳು. ಟವೆಲು ಬೆಳ್ಳಗಾಯಿತು, ಮಗ ಮಾತ್ರ ಹೇಗಿದ್ದಾನೋ ಹಾಗೇ ಇದ್ದಾನೆ, ನಿಮ್ಮ ಔಷಧಕ್ಕೆ ಯಾರಿಗೆ ಗುಣ ಮಾಡಬೇಕು ಎಂದು ಗೊತ್ತಿಲ್ಲವೇ ಎಂದು ಆಕೆ ಕೇಳಿದರು. ಎಂಟು ವಾರ ಕಾಯಬೇಕು ಎಂದೆ. ಎಂಟು ವಾರಕ್ಕೆ ಮನೆಯಲ್ಲಿ ಒಂದೂ ಬಣ್ಣದ ಟವೆಲು ಉಳಿಯುವುದಿಲ್ಲ ಎಂದು ಅವರು ಲೆಕ್ಕ ಹೇಳಿದರು.

ಶನಿವಾರದ ಅಥಣಿ ರಸ್ತೆಯದು ಬೇರೆಯೇ ರಾಜ್ಯ. ಅಲ್ಲಿನ ಹೊಸ ಬಡಾವಣೆಗಳ ಮಕ್ಕಳು ನಮ್ಮನ್ನು ಏನೂ ಕೇಳುವುದಿಲ್ಲ, ಫೋನು ತಿರುಗಿಸಿ ತೋರಿಸುತ್ತಾರೆ. ಫೋನಿನಲ್ಲಿ ಒಬ್ಬಳು ಹೊಳೆಯುವ ಮುಖದವಳು ಹೊಳೆಯುವ ಬಾಟಲಿ ಹಿಡಿದಿರುತ್ತಾಳೆ. ಒಬ್ಬ ಕಾಲೇಜು ಹುಡುಗಿ ನಾಲ್ಕು ಬಗೆಯ ಸೀರಮ್ ಕೊಂಡು ನಾಲ್ಕನ್ನೂ ಒಂದರ ಮೇಲೊಂದು ಹಚ್ಚಿ, ಹಣೆ ಸುಲಿದುಕೊಂಡು ಬಂದಳು. ಇದರ ಮೇಲೆ ಯಾವ ಸೀರಮ್ ಹಚ್ಚಲಿ ಆಂಟಿ ಎಂದು ಕೇಳಿದಳು. ಎಲ್ಲ ನಿಲ್ಲಿಸು, ಸ್ವಲ್ಪ ದಿನ ಬರೀ ನೀರು ಹಾಕು ಎಂದೆ. ಅವಳು ಅಲ್ಲೇ ನಿಂತು ಫೋನಿನಲ್ಲಿ ನೀರಿನ ಬಗ್ಗೆ ಜನ ಏನು ಬರೆದಿದ್ದಾರೆಂದು ಹುಡುಕಿದಳು.

ಡಾಕ್ಟರ ಚೀಟಿ ಇಲ್ಲದೆ ಕೊಡಬಹುದಾದ ಮೊಡವೆ ಔಷಧದ ಇಡೀ ವಿದ್ಯೆ ಒಂದು ಪೋಸ್ಟ್‌ಕಾರ್ಡಿನಲ್ಲಿ ಹಿಡಿಯುತ್ತದೆ. ಮೆತ್ತನೆಯ ಫೇಸ್‌ವಾಶ್ ಒಂದು, ಜೆಲ್ ಒಂದು, ತಾಳ್ಮೆ ಎರಡು ತಿಂಗಳು. ಗಂಟುಗಟ್ಟಿದ್ದರೆ, ಕಲೆ ಬೀಳುತ್ತಿದ್ದರೆ, ಹೊಟ್ಟೆಯಲ್ಲಿ ಕೂಸಿದ್ದರೆ, ಕೌಂಟರಿನಲ್ಲಿ ಮಾತು ಬೆಳೆಸದೆ ಡಾಕ್ಟರ ಕಡೆ ಕಳಿಸಬೇಕು. ಇಷ್ಟೇ. ಪಟ್ಟಿಯ ಮೂರನೆಯದಾದ ತಾಳ್ಮೆ ನಮ್ಮಲ್ಲಿ ಸ್ಟಾಕ್ ಇರುವುದಿಲ್ಲ, ಗಿರಾಕಿಯ ಮನೆಯಲ್ಲೂ ಇರುವುದಿಲ್ಲ. ಆ ಕೊರತೆ ತುಂಬಲು ನಮ್ಮ ಸಾವುಕಾರರು ಮಿಕ್ಸ್ ಕ್ರೀಮ್ ತರಿಸಿದರು.

ಮಿಕ್ಸ್ ಕ್ರೀಮ್ ಎಂದರೆ ಒಂದೇ ಟ್ಯೂಬಿನಲ್ಲಿ ಮೂರು ಔಷಧ. ಚರ್ಮ ಬೆಳ್ಳಗೆ ಮಾಡುವುದು ಒಂದು, ಚರ್ಮ ಸುಲಿಯುವುದು ಒಂದು, ಇವೆರಡೂ ಮಾಡುವ ಅನಾಹುತ ಮೇಲೆ ಕಾಣದಂತೆ ಮುಚ್ಚುವ ಸ್ಟಿರಾಯ್ಡ್ ಒಂದು. ಚರ್ಮದ ಡಾಕ್ಟರು ಬೇರೆ ಕಾಯಿಲೆಗೆ, ಕೆಲವೇ ದಿನಕ್ಕೆ, ಕಣ್ಣಿಟ್ಟು ಕೊಡುವ ಔಷಧ ಅದು. ಚೀಟಿ ಇಲ್ಲದೆ ಮಾರಬಾರದು ಎಂದು ಟ್ಯೂಬಿನ ಮೇಲೆ ಕೆಂಪು ಗೆರೆಯ ಪಕ್ಕದಲ್ಲೇ ಬರೆದಿದೆ. ಅಕ್ಷರ ಮಾತ್ರ ಇರುವೆಯ ಕಾಲಿನಷ್ಟು. ಹಚ್ಚಿದ ಐದಾರು ದಿನಕ್ಕೆ ಮೊಡವೆ ಅಡಗಿ, ಮುಖ ಬೆಣ್ಣೆಯ ಹಾಗೆ ನುಣುಪಾಗುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗಿ, ಕೆಂಪೇರಿ, ಬಿಸಿಲು ತಾಳದಂತಾಗುತ್ತದೆ. ನಿಲ್ಲಿಸಿದರೆ ಅಡಗಿದ್ದೆಲ್ಲ ನೆಂಟರಿಷ್ಟರನ್ನು ಕರೆದುಕೊಂಡು ಮರಳುತ್ತದೆ. ಆಗ ಗಿರಾಕಿ ಮತ್ತೊಂದು ಟ್ಯೂಬಿಗೆ ಓಡಿ ಬರುತ್ತಾನೆ. ಇದನ್ನೇ ಸಾವುಕಾರರು ಔಷಧದ ಮೇಲಿನ ವಿಶ್ವಾಸ ಎಂದು ಕರೆಯುತ್ತಿದ್ದರು.

ಕಸ್ತೂರಿಬಾಯಿ ಮಗಳನ್ನು ಕರೆದುಕೊಂಡು ತಿಕೋಟಾದ ಅಂಗಡಿಗೆ ಬಂದದ್ದು ಒಂದು ಸೋಮವಾರ. ಮಗಳ ಹೆಸರು ಭಾಗ್ಯಶ್ರೀ, ಡಿಗ್ರಿ ಮುಗಿಸಿದ್ದಳು. ಎರಡೂ ಗಲ್ಲದ ಮೇಲೆ ಆ ವಯಸ್ಸಿಗೆ ತಕ್ಕಷ್ಟು ಮೊಡವೆ. ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ಐತವಾರ ಕನ್ಯಾ ನೋಡಲು ಬರುವವರಿದ್ದರು. ನಾನು ಎಂದಿನಂತೆ ಬಿಳಿ ಜೆಲ್ ತೆಗೆದೆ, ಎಂಟು ವಾರ ಎಂದೆ. ಕಸ್ತೂರಿಬಾಯಿ ನನ್ನನ್ನು ಮರುಕದಿಂದ ನೋಡಿದರು.

"ಬೀಗರು ಎಂಟ ವಾರ ಬಾಗಲಾಗ ನಿಂದರ್ತಾರೇನ್ರಿ?" ಎಂದರು. "ಇಬ್ಬರು ನೋಡಿ ಹೋಗ್ಯಾರ. ಮಾರಿ ನೋಡಿ ಹೋದವರು ಹೊಳ್ಳಿ ಫೋನ್ ಮಾಡಿಲ್ರಿ. ಐತವಾರದೊಳಗ ಹೋಗಬೇಕ್ರಿ ಬಾಯಾರ."

ಭಾಗ್ಯಾ ಕೌಂಟರಿನ ಗಾಜಿನಲ್ಲಿ ತನ್ನ ಮುಖ ಬೀಳದಷ್ಟು ಪಕ್ಕಕ್ಕೆ ಸರಿದು ನಿಂತಿದ್ದಳು.

ನಾನು ಮಿಕ್ಸ್ ಕ್ರೀಮ್ ಕೊಟ್ಟೆ. ಸಾವುಕಾರರ ಹೆದರಿಕೆಯಿಂದ ಕೊಟ್ಟೆ ಎಂದು ಬರೆದರೆ ನನಗೆ ಅನುಕೂಲ. ಸಾವುಕಾರರು ಆ ದಿನ ಊರಲ್ಲೇ ಇರಲಿಲ್ಲ. ವರ್ಷಗಟ್ಟಲೆ ಎಂಟು ವಾರ ಎಂಟು ವಾರ ಎಂದು ಹೇಳಿ ಜನರ ಸಪ್ಪೆ ಮುಖ ನೋಡಿ ಸಾಕಾಗಿತ್ತು. ಒಂದು ಸಲವಾದರೂ ಕೈಗುಣದ ಬಾಯಿ ಅನ್ನಿಸಿಕೊಳ್ಳುವ ಆಸೆ ಇತ್ತು. ಆರು ದಿನ ಮಾತ್ರ, ಐತವಾರದ ಮೇಲೆ ಹಚ್ಚಬೇಡಿ ಎಂದು ಮೂರು ಸಲ ಹೇಳಿ ಮನಸ್ಸನ್ನು ಸಮಾಧಾನ ಮಾಡಿಕೊಂಡೆ. ತಾಯಿ ಮಗಳು ಮೂರೂ ಸಲ ತಲೆಯಾಡಿಸಿದರು.

ಅದೇ ವಾರ ಗುರುವಾರ ಬಬಲೇಶ್ವರದ ಅಂಗಡಿಗೆ ಒಬ್ಬ ಯುವಕ ಹೆಲ್ಮೆಟ್ ತೆಗೆಯದೆಯೇ ಬಂದ. ಗೆಳೆಯನೊಬ್ಬ ಹೆಣ್ಣು ನೋಡಲು ಹೋಗುವವನಿದ್ದಾನೆ, ಮೂರೇ ದಿನ ಉಳಿದಿದೆ, ಅದೇನೋ ಮಿಕ್ಸ್ ಕ್ರೀಮ್ ಇದೆಯಂತಲ್ಲ ಎಂದ. ಹೆಲ್ಮೆಟ್ಟಿನ ಕಿಟಕಿಯಲ್ಲಿ ಗೆಳೆಯನ ಮೊಡವೆಗಳು ಕಾಣುತ್ತಿದ್ದವು. ಒಮ್ಮೆ ಕೊಟ್ಟ ಕೈಗೆ ಎರಡನೆಯ ಸಲ ಕೊಡುವುದು ಬಹಳ ಸುಲಭ, ಇದನ್ನು ಹೊಸಬರು ಬರೆದಿಟ್ಟುಕೊಳ್ಳಬೇಕು. ಅವನಿಗೂ ಕೊಟ್ಟೆ. ಇವನು ಮೂರು ದಿನ ಮೂರು ಹೊತ್ತು ಹಚ್ಚಿಕೊಂಡನೆಂದು ಆಮೇಲೆ ತಿಳಿಯಿತು.

ಮುಂದಿನ ವಾರ ಕಸ್ತೂರಿಬಾಯಿ ಪೇಢೆ ತಂದುಕೊಟ್ಟರು. ಹುಡುಗಿ ಒಪ್ಪಿಗೆಯಾಗಿದ್ದಳು. ಹುಡುಗನೂ ಮಾರಿಯಲ್ಲಿ ಒಂದು ಕಲೆ ಇಲ್ಲದಂಥವನಂತೆ. ನನ್ನ ಕೈಗುಣವನ್ನು ಅವರು ಅಂಗಡಿಯಲ್ಲಿದ್ದವರೆಲ್ಲರ ಮುಂದೆ ಹೊಗಳಿದರು. ನಾನು ಎರಡು ಪೇಢೆ ತಿಂದೆ. ಆ ವಾರ ತಿಕೋಟಾದಲ್ಲಿ ಐದಾರು ಮಂದಿ ಬಂದು ಕಸ್ತೂರಿಬಾಯಿ ಒಯ್ದ ಟ್ಯೂಬನ್ನೇ ಕೇಳಿದರು. ಸಾವುಕಾರರು ಮೊದಲ ಬಾರಿಗೆ ನನ್ನನ್ನು ಬಾಯಾರ ಎಂದು ಕರೆದರು.

ಮದುವೆಯಾಗಿ ನಾಲ್ಕೈದು ತಿಂಗಳ ಮೇಲೆ ಒಂದು ಶುಕ್ರವಾರ ಬಬಲೇಶ್ವರದ ಅಂಗಡಿಯ ಮುಂದೆ ಒಂದು ಬೈಕು ನಿಂತಿತು. ಓಡಿಸುತ್ತಿದ್ದವನು ಹೆಲ್ಮೆಟ್ ತೆಗೆದ. ಹಿಂದೆ ಕೂತವಳು ಮುಖದ ಮೇಲಿನ ಸೆರಗು ಸರಿಸಿದಳು. ಒಬ್ಬಳು ತಿಕೋಟಾದ ಭಾಗ್ಯಾ, ಇನ್ನೊಬ್ಬ ಗೆಳೆಯನಿಗಾಗಿ ಕ್ರೀಮ್ ಒಯ್ದವನು. ಅವನ ಹೆಸರು ಸಂಗಮೇಶ ಎಂದು ಆಗ ಗೊತ್ತಾಯಿತು. ಅತ್ತೆಗೆ ಕೆಮ್ಮಿನ ಔಷಧ ಬೇಕಿತ್ತು. ಇಬ್ಬರೂ ನನ್ನನ್ನು ಈ ಜನ್ಮದಲ್ಲಿ ಮೊದಲ ಸಲ ನೋಡುವವರಂತೆ ನೋಡಿದರು. ಅವನು ಅವಳ ಬೆನ್ನ ಹಿಂದಿನಿಂದ ನನಗೆ ಕಣ್ಣಲ್ಲೇ ಬೇಡ ಎಂದ. ಅವಳು ಅವನು ಕಾಣದಂತೆ ತುಟಿಗೆ ಬೆರಳು ಮುಟ್ಟಿಸಿದಳು. ನಾನು ಕೆಮ್ಮಿನ ಔಷಧ ಕೊಟ್ಟೆ. ಇಷ್ಟು ವರ್ಷದಲ್ಲಿ ನಗುವನ್ನು ನುಂಗಲು ನಾನು ಅಷ್ಟು ಕಷ್ಟಪಟ್ಟದ್ದಿಲ್ಲ. ಅವರು ಹೋದ ಮೇಲೆ ನಗಲು ಹೋದರೆ ನಗು ಬರಲಿಲ್ಲ. ಬೆಳಕಿನಲ್ಲಿ ಇಬ್ಬರ ಮುಖವನ್ನೂ ಸರಿಯಾಗಿ ನೋಡಿದ್ದೆ.

ಭಾಗ್ಯಾಳ ಗಲ್ಲದ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿ, ಕೆಳಗಿನ ಕೆಂಪು ನರಗಳು ಕಾಣುತ್ತಿದ್ದವು. ಸಂಗಮೇಶ ಗಡ್ಡ ಬಿಟ್ಟಿದ್ದ, ಗಡ್ಡ ಇಲ್ಲದ ಕಡೆ ಕೆಂಪು. ಇಬ್ಬರೂ ಐತವಾರಕ್ಕೆ ನಿಲ್ಲಿಸಿರಲಿಲ್ಲ ಎಂದು ತಿಳಿಯಲು ಫಾರ್ಮಸಿ ಓದಬೇಕಾಗಿರಲಿಲ್ಲ. ವಾರ ಬಿಟ್ಟು ಭಾಗ್ಯಾ ಒಬ್ಬಳೇ ಬಂದಳು. ನಾನಿಲ್ಲದ ದಿನಗಳಲ್ಲಿ ಅದೇ ಅಂಗಡಿಯಿಂದಲೇ ಟ್ಯೂಬು ಒಯ್ಯುತ್ತಿದ್ದಳಂತೆ, ಈ ಸಲ ಸಿಕ್ಕಿಬಿದ್ದಳು. ಕೊಡುವುದಿಲ್ಲ ಎಂದೆ. ಅವಳು ಜಗಳ ಮಾಡಲಿಲ್ಲ. ಕೌಂಟರಿನ ಮೇಲೆ ಎರಡೂ ಕೈಯೂರಿ ನಿಂತಳು.

"ಬಿಟ್ರ ಮೂರನೇ ದಿನಕ್ಕ ಮಾರಿ ಕೆಂಡ ಆಗ್ತೈತ್ರಿ. ಒಲಿ ಮುಂದ ಕುಂದ್ರಾಕ ಆಗೂದಿಲ್ಲ," ಎಂದಳು. "ಹಚ್ಚಿದ್ರ ಹಿಂಗ, ಬಿಟ್ರ ಹಂಗ. ಅವ್ರಿಗೆ ಏನಂತ ಹೇಳ್ಲಿ? ಅವ್ರು ನೋಡಿ ಮಾಡ್ಕೊಂಡಿದ್ದು ಈ ಮಾರಿ ಅಲ್ರಿ."

ಚರ್ಮದ ಡಾಕ್ಟರನ್ನು ಕಾಣಲೇಬೇಕು, ತಾನಾಗಿ ನಿಲ್ಲಿಸಿದರೂ ಕಷ್ಟ, ಮುಂದುವರಿಸಿದರೆ ಚರ್ಮವೇ ಉಳಿಯುವುದಿಲ್ಲ, ನಾಲ್ಕೈದು ತಿಂಗಳು ಮುಖ ಕೆಟ್ಟೇ ಇರುತ್ತದೆ, ಆಮೇಲೆ ಸುಧಾರಿಸುತ್ತದೆ ಎಂದು ಹೇಳಿದೆ. ನಾಲ್ಕೈದು ತಿಂಗಳು ಎಂದ ಕೂಡಲೇ ಅವಳು ಸೆರಗು ಎಳೆದುಕೊಂಡಳು. ಅಷ್ಟು ದಿನ ಗಂಡನಿಂದ ಮುಖ ಮುಚ್ಚಿಡುವುದು ಹೇಗೆ ಎಂಬುದೇ ಅವಳ ಚಿಂತೆ. ನಿಲ್ಲಿಸಬೇಕೆಂದು ಅವಳಿಗೂ ಇತ್ತು, ನಿಲ್ಲಿಸಿದರೆ ಸಂಸಾರ ನಿಂತೀತು ಎಂಬ ಹೆದರಿಕೆಯೂ ಇತ್ತು.

ಸಂಗಮೇಶ ಬಂದದ್ದು ಆ ಮುಂದಿನ ಗುರುವಾರ. ಅವನಿಗೂ ಇಲ್ಲ ಎಂದೆ. ಗೆಳೆಯನ ಕತೆಯನ್ನು ಅವನು ಅರ್ಧಕ್ಕೇ ಕೈಬಿಟ್ಟ.

"ನಾ ಗಡ್ಡಾ ತಗದ್ರ ಆಕಿ ಏನಂತಾಳ್ರಿ?" ಎಂದ. "ಆಕಿ ಹೂಂ ಅಂದಿದ್ದು ಬ್ಯಾರೇ ಮಾರಿಗೆ. ಮೋಸಾ ಮಾಡೀನಿ ಅಂತ ದಿನಾ ಅನಸ್ತೈತಿ."

ಒಂದೇ ಮಾತು, ಎರಡು ಬಾಯಿ, ಒಂದೇ ಮನೆ. ನನಗೆ ಎಲ್ಲ ಗೊತ್ತು, ಆದರೆ ಹೇಳುವ ಹಾಗಿಲ್ಲ. ಗಂಡ ಕೊಂಡ ಔಷಧವನ್ನು ಹೆಂಡತಿಗೆ, ಹೆಂಡತಿ ಕೊಂಡದ್ದನ್ನು ಗಂಡನಿಗೆ ಹೇಳಬಾರದು ಎಂಬುದು ನಮ್ಮ ವೃತ್ತಿಯ ಮೊದಲ ನಿಯಮ. ಚೀಟಿ ಇಲ್ಲದೆ ಕೊಡಬಾರದು ಎಂಬ ನಿಯಮವನ್ನು ಗಾಳಿಗೆ ತೂರಿದವಳು ಈ ನಿಯಮವನ್ನು ಮಾತ್ರ ಎದೆಗೆ ಅಪ್ಪಿಕೊಂಡು ಕೂತಿದ್ದೆ. ಎರಡು ರಾತ್ರಿ ನಿದ್ದೆ ಬರಲಿಲ್ಲ. ತಿಂದ ಎರಡು ಪೇಢೆ ಆಗ ಜೀರ್ಣವಾಗದೆ ಕಾಡಿದವು.

ಮೊದಲ ಕೆಲಸವಾಗಿ ಮೂರೂ ಅಂಗಡಿಯ ಕಪಾಟಿನಿಂದ ಮಿಕ್ಸ್ ಕ್ರೀಮನ್ನು ತೆಗೆಸಿ, ಚೀಟಿ ಇಲ್ಲದೆ ಕೊಡುವುದಿಲ್ಲ ಎಂದು ಸಾವುಕಾರರಿಗೆ ಹೇಳಿದೆ. ಅವರು ಬಹಳ ಶಾಂತವಾಗಿ ಕೇಳಿದರು. ಬಾಯಾರ ಎಂಬ ಮಾತು ಹಿಂದಕ್ಕೆ ಹೋಯಿತು. ನಿಮಗೆ ವಯಸ್ಸಾಗಿದೆ, ಇನ್ನು ಕೌಂಟರು ಬೇಡ, ಒಳಗೆ ಕೂತು ಅವಧಿ ಮುಗಿದ ಔಷಧ ಬೇರೆ ಮಾಡಿ ಎಂದರು. ಅವಧಿ ಮುಗಿದದ್ದರ ಸಾಲಿಗೆ ನನ್ನನ್ನೇ ಮೊದಲು ಸೇರಿಸಿದ್ದು ಅವರ ದೊಡ್ಡತನ. ನಾನು ಒಳಗೆ ಹೋದೆ, ಕ್ರೀಮ್ ಮತ್ತೆ ಕಪಾಟಿಗೆ ಬಂತು. ಆದರೆ ಒಳಗೆ ಹೋಗುವ ಮುಂಚೆ ಎರಡು ಕಾಗದ ಬರೆದಿದ್ದೆ.

ವಿಜಯಪುರದಲ್ಲಿ ನನಗೆ ಪರಿಚಯದ ಒಬ್ಬ ಚರ್ಮದ ಡಾಕ್ಟರಿದ್ದರು. ಶನಿವಾರ ಬೆಳಗ್ಗೆ ಹನ್ನೊಂದು ಗಂಟೆಗೆ ಬರಬೇಕು, ನಾನೂ ಅಲ್ಲಿರುತ್ತೇನೆ ಎಂದು ಬರೆದಿಟ್ಟು, ಅವರು ಬೇರೆ ಬೇರೆಯಾಗಿ ಮತ್ತೆ ಅಂಗಡಿಗೆ ಬಂದಾಗ ಒಂದು ಕಾಗದ ಭಾಗ್ಯಾಳಿಗೆ ಕೊಟ್ಟೆ, ಒಂದು ಸಂಗಮೇಶನಿಗೆ ಕೊಟ್ಟೆ. ಯಾರ ಗುಟ್ಟನ್ನೂ ಯಾರಿಗೂ ಹೇಳಲಿಲ್ಲ. ಇಬ್ಬರಿಗೂ ಒಂದೇ ವೇಳೆ ಕೊಟ್ಟೆ, ಅಷ್ಟೆ. ಹೊಸಬರು ಇದನ್ನು ಮಾದರಿ ಎಂದುಕೊಳ್ಳುವುದು ಬೇಡ.

ಶನಿವಾರ ನಾನು ರಜೆ ಹಾಕಿ ಮುಂಚೆಯೇ ಹೋಗಿ ಕೂತೆ. ಮೊದಲು ಭಾಗ್ಯಾ ಬಂದಳು, ಮುಖದ ತುಂಬ ಸೆರಗು. ಆಮೇಲೆ ಸಂಗಮೇಶ, ಕಣ್ಣಿನ ಕೆಳಗೆ ದೊಡ್ಡ ಕರವಸ್ತ್ರ ಬಿಗಿದುಕೊಂಡು, ಟೊಪ್ಪಿಗೆ ಹಾಕಿಕೊಂಡು. ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಗೋಡೆ ನೋಡುತ್ತ ಕೂತ. ನಡುವೆ ನಾನು. ಚರ್ಮದ ದವಾಖಾನೆಯಲ್ಲಿ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ, ಹಾಗಾಗಿ ಗಂಡ ಹೆಂಡತಿ ಹತ್ತು ನಿಮಿಷ ಒಂದೇ ಬೆಂಚಿನಲ್ಲಿ ಅಪರಿಚಿತರಾಗಿ ಕೂತಿದ್ದರು. ಏನೋ ದೊಡ್ಡ ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡು ಬಂದವಳಿಗೆ, ಇವನು ಸಿಟ್ಟಿಗೆದ್ದು ಎದ್ದುಹೋದರೆ ಈ ಹುಡುಗಿ ಎಲ್ಲಿಗೆ ಹೋಗಬೇಕು ಎಂಬ ಯೋಚನೆ ಅಲ್ಲಿ ಕೂತ ಮೇಲೆ ಬಂತು.

ಭಾಗ್ಯಾಳ ಕಣ್ಣು ಆ ಕರವಸ್ತ್ರದ ಮೇಲೆ ಬಿತ್ತು. ಅದರ ಅಂಚಿಗೆ ಹಸಿರು ದಾರದ ಹೊಲಿಗೆ ಹಾಕಿದವಳು ಅವಳೇ. ಸ್ವಲ್ಪ ಹೊತ್ತು ನೋಡಿದಳು.

"ಹೊಲಕ್ಕ ಹೊಂಟೀನಿ ಅಂದಿದ್ರೆಲ್ಲಾ," ಎಂದಳು.

ಸಂಗಮೇಶ ತಿರುಗಿ ನೋಡಿದ. ದನಿ ಗುರುತಾಯಿತು. "ನೀ ತವರಮನಿಗೆ ಹೊಂಟಿದ್ದಿ," ಎಂದ.

ನಾನು ಎದ್ದು ಪಕ್ಕಕ್ಕೆ ನಿಂತೆ. ಮೊದಲು ಅವನು ಕರವಸ್ತ್ರ ಬಿಚ್ಚಿದ. ಗಡ್ಡದ ನಡುವೆಲ್ಲ ಕೀವುಗಟ್ಟಿದ ಗುಳ್ಳೆಗಳು. ಅವಳು ಸೆರಗು ಇಳಿಸಿದಳು. ಎರಡು ಟ್ಯೂಬುಗಳು ಒಂದನ್ನೊಂದು ನೋಡಿ ಒಪ್ಪಿಕೊಂಡು ಮಾಡಿದ ಮದುವೆಯಲ್ಲಿ ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡಿದ್ದು ಆಗ. ಯಾರೂ ಎದ್ದುಹೋಗಲಿಲ್ಲ. ಭಾಗ್ಯಾಳಿಗೆ ಮೊದಲು ನಗು ಬಂತು, ಆಮೇಲೆ ಅಳು. ಅವನು ಬೆಂಚಿನ ಮೇಲೆ ಸರಿದು ಅವಳ ಪಕ್ಕ ಕೂತ.

ಒಳಗೆ ಡಾಕ್ಟರು ಇಬ್ಬರ ಮುಖವನ್ನೂ ದೀಪ ಹಿಡಿದು ನೋಡಿ, ಇದನ್ನು ಕೊಟ್ಟವರು ಯಾರು ಎಂದು ಕೇಳಿದರು. ಭಾಗ್ಯಾ ನೆಲ ನೋಡಿದಳು. ಸಂಗಮೇಶ ಯಾರೋ ಗೆಳೆಯ ಎಂದ. ಆ ಗೆಳೆಯ ಅವನ ನಾಲಗೆಯ ಮೇಲೇ ಇರುತ್ತಿದ್ದನೆಂದು ಕಾಣುತ್ತದೆ. ಇಬ್ಬರೂ ನನ್ನನ್ನು ಕಾಪಾಡುತ್ತಿದ್ದರು. ನಾನು ಬಾಗಿಲಲ್ಲಿ ನಿಂತು, ಇಬ್ಬರಿಗೂ ಕೊಟ್ಟವಳು ನಾನೇ ಎಂದೆ. ಡಾಕ್ಟರು ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. ಓದದವರು ಕೊಟ್ಟರೆ ತಿಳಿಯದೆ ಕೊಟ್ಟರು ಅನ್ನಬಹುದು, ನಿಮಗೆ ಏನನ್ನಲಿ ಎಂದರು. ನನಗೆ ನಾಚಿಕೆಯಾಯಿತು. ಆಮೇಲೆ ಔಷಧ ಬರೆದುಕೊಟ್ಟು, ಮುಂದಿನ ತಿಂಗಳುಗಳು ಕಷ್ಟದವು, ಕನ್ನಡಿ ನೋಡಬೇಡಿ, ಒಬ್ಬರನ್ನೊಬ್ಬರು ನೋಡಿಕೊಳ್ಳಿ ಎಂದು ಅವರಿಬ್ಬರಿಗೆ ಹೇಳಿದರು.

ಹೊರಗೆ ಬಂದು ಸಂಗಮೇಶ ಬೈಕು ತರಲು ಹೋದ. ಭಾಗ್ಯಾ ಸೆರಗು ಹೊದೆಯದೆಯೇ ನನ್ನ ಪಕ್ಕ ನಿಂತಳು. ತಪ್ಪಾಯಿತು ಎಂದು ನಾನು ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ, ಬೈದಿದ್ದರೆ ಹಗುರಾಗುತ್ತಿತ್ತು. ಅವಳು ಮೆಲ್ಲಗೆ ಮಾತಾಡಿದಳು.

"ಆವತ್ತ ಐತವಾರ ಅವ್ರು ನನ್ನ ನೋಡ್ಲಿಲ್ಲ, ನಾ ಅವ್ರನ್ನ ನೋಡ್ಲಿಲ್ಲ. ನಮ್ಮಿಬ್ಬರ ಖರೇ ಮಾರಿ ನೋಡಿದವರು ನೀವೊಬ್ರರಿ. ಇಷ್ಟ ಮೊಡವಿಗೆ ಏನೂ ಆಗೂದಿಲ್ಲ, ಹಿಂಗ ಹೋಗಿ ಅವ್ರ ಮುಂದ ಕುಂದ್ರವಾ ಅಂತ ನೀವ ಒಂದ ಮಾತ ಹೇಳಿದ್ರ ನಾ ಕೇಳ್ತಿದ್ನಿರಿ."

ಆ ಒಂದು ಮಾತನ್ನು ಕೌಂಟರಿನಲ್ಲಿ ಕೊಡಲು ಡಾಕ್ಟರ ಚೀಟಿ ಬೇಕಿರಲಿಲ್ಲ. ನಾನು ಕೊಡಲಿಲ್ಲ.